ಎಡಗಿವಿಯ ಹೆಜ್ಜೆ

ಆಳುಗಳೆಲ್ಲ ಊಟಕ್ಕೆ ತಮ್ಮ ಲೈನ್ ಮನೆಗಳಿಗೆ ಹೋಗಿದ್ದರು. ಕಾಫಿ ಒಣಗಿಸುವ ಕಣದ ನಡುವೆ ಬಸವಪ್ರಸಾದ ಒಬ್ಬನೇ ನಿಂತು, ಬೀಜ ಒಣಗಿದೆಯೋ ಇಲ್ಲವೋ ಎಂದು ಹಲ್ಲಿನಿಂದ ಕಚ್ಚಿ ನೋಡುತ್ತಿದ್ದ. ಆಗ ಅವನ ಹಿಂದೆ ಯಾರೋ ನಡೆದು ಬಂದರು.

"ಬೀಜ ತುಳೀಬೇಡ ಅಂತ ಎಷ್ಟು ಸಲ ಬಾಯಿ ಬಡ್ಕೋಬೇಕು ನಿಂಗೆ?" ಎಂದು ತಿರುಗದೆಯೇ ಬೈದ.

ಹೆಜ್ಜೆ ನಿಲ್ಲಲಿಲ್ಲ. ದಪ್ಪ ಅಟ್ಟೆಯ ಚಪ್ಪಲಿ ಮೆಟ್ಟಿದವನು ಒದ್ದೆ ನೆಲದ ಮೇಲೆ ಬರುವಂಥ ಸದ್ದು. ಕಣ ಸಿಮೆಂಟಿನದು, ಫೆಬ್ರವರಿಯ ಬಿಸಿಲಿಗೆ ಕಾದಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಹರಡಿದ ಬೀಜದ ಮೇಲೆ ಅವನೊಬ್ಬನ ಪಾದದ ಗುರುತಿತ್ತು. ಬಸವಪ್ರಸಾದ ಬೇಗ ಬೇಗ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕಡೆ ನಡೆದ. ಸದ್ದೂ ಬೇಗ ಬೇಗ ನಡೆಯಿತು. ಗೋಡೆಗೆ ಬೆನ್ನು ಆನಿಸಿ ನಿಂತ. ಈಗ ಹಿಂದೆ ಬರಲು ಯಾರಿಗೂ ಜಾಗವಿರಲಿಲ್ಲ. ಆದರೂ ಅದು ಇನ್ನೂ ನಾಲ್ಕಾರು ಹೆಜ್ಜೆ ಅವಸರದಲ್ಲಿ ಬಂದು, ಆಮೇಲೆ ನಿಧಾನಕ್ಕಿಳಿದು, ಎಡಗಿವಿಯ ಪಕ್ಕದಲ್ಲೇ ನಡೆಯುತ್ತಾ ಉಳಿಯಿತು.

ಅದೇನೆಂದು ಅವನಿಗೆ ಆಗಲೇ ಗೊತ್ತಾಯಿತು. ಅವನ ಅಪ್ಪನ ಹಿಂದೆ ಅದು ನಡೆದಿತ್ತು. ಅಜ್ಜನ ಹಿಂದೆಯೂ ನಡೆದಿತ್ತು.

ಆಲ್ದೂರಿನಿಂದ ಎರಡು ಮೈಲಿ ಒಳಗಿರುವ ಆ ಮನೆಯಲ್ಲಿ ಅದನ್ನು 'ಹಿಂದಿನವನು' ಅನ್ನುತ್ತಿದ್ದರು. ನಲವತ್ತು ದಾಟಿದ ಗಂಡಸಿಗೆ ಒಂದು ದಿನ ಅವನ ಹೆಜ್ಜೆ ಕೇಳಿಸುತ್ತದೆ. ಅಲ್ಲಿಂದ ಮುಂದೆ ಆ ಗಂಡಸು ತೋಟದ ದಾರಿಯಲ್ಲಿ ಕೊನೆಯವನಾಗಿ ನಡೆಯುವುದಿಲ್ಲ, ಹಿಂದೆ ಯಾರನ್ನಾದರೂ ಇಟ್ಟುಕೊಳ್ಳುತ್ತಾನೆ. ಒಂದು ಸೋಮವಾರ ಹಿರಿಮಗನನ್ನು ದೇವರ ಕೋಣೆಗೆ ಕರೆದು, ಅವನ ಎಡಗಿವಿಗೆ ವಿಭೂತಿ ಹಚ್ಚಿ, "ನನ್ನ ನಂತರ ನಿನ್ನ ಪಾಲು" ಎಂದು ಹೇಳಿಬಿಡುತ್ತಾನೆ. ಬಸವಪ್ರಸಾದನಿಗೆ ಅದನ್ನು ಹಚ್ಚಿದಾಗ ಇಪ್ಪತ್ತು ವರ್ಷ. ಐದು ವರ್ಷ ಕಳೆದ ಮೇಲೆ, ಇದೇ ಕಣದಲ್ಲಿ, ಅಪ್ಪ ಮಲ್ಲಿಕಾರ್ಜುನಪ್ಪ ಮೂಟೆ ಎತ್ತಲು ಬಗ್ಗಿದವರು ತಲೆ ಹಿಡಿದುಕೊಂಡು ನಿಂತರು. ಮುಖ ಸುಣ್ಣ ಬಳಿದಂತೆ ಬಿಳಿಚಿ, ಅಂಗಿ ಬೆವರಿನಲ್ಲಿ ತೊಯ್ದು ಹೋಯಿತು. "ಬಂದೇ ಬಿಟ್ಟ" ಎಂದವರು ಮತ್ತೆ ಮಾತಾಡಲಿಲ್ಲ.

ಅದಕ್ಕೇ ಬಸವಪ್ರಸಾದ ಒಂದು ತೀರ್ಮಾನ ಮಾಡಿದ್ದ. ಮೊದಲ ಮಗು ಹೆಣ್ಣಾದಾಗ ಇಡೀ ಮನೆಗೆ ಪೇಡ ಹಂಚಿ, ಇನ್ನು ಮಕ್ಕಳು ಬೇಡ ಎಂದುಬಿಟ್ಟ. ಹೆಂಡತಿ ಶೈಲಾ ಅತ್ತಳು, ಒಂದು ವರ್ಷ ಮಾತು ಬಿಟ್ಟಳು. ಅವನು ಜಗ್ಗಲಿಲ್ಲ. ಗಂಡು ಹುಟ್ಟಿದರೆ ತಾನೇ ಅವನು ಮುಂದಕ್ಕೆ ಹೋಗುವುದು? ಹೆಣ್ಣಿಗೆ ಅವನ ಗೊಡವೆಯಿಲ್ಲ. ಹೆಜ್ಜೆ ಕೇಳಿದ ದಿನ ಅವನಿಗೆ ಭಯವಾಯಿತು, ನಿಜ. ಆದರೆ ಸಂಜೆ ಕಾಲೇಜಿನಿಂದ ಬಂದ ಮಗಳು ತನುಜಾ ಚೀಲ ಎಸೆದು, ಕಾಲು ಚಾಚಿ ಕೂತು ಉಪ್ಪಿಟ್ಟು ತಿನ್ನುವುದನ್ನು ನೋಡುತ್ತಾ, 'ಮಗನೇ, ನನ್ನ ಹತ್ರವೇ ಮುಗೀತು ನಿನ್ನ ಆಟ' ಎಂದು ಒಳಗೊಳಗೇ ಹಿಂದಿನವನನ್ನು ಬೈದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅವನಿಗೆ ಇನ್ನೊಂದು ಲೆಕ್ಕವೂ ಸಿಕ್ಕಿತ್ತು. ಚಿಕ್ಕಮಗಳೂರಿನಲ್ಲಿದ್ದ ಚಿಕ್ಕಪ್ಪನ ಮಗ ಚಂದ್ರಮೌಳಿ ಜನವರಿಯಲ್ಲಿ ಬೆಂಗಳೂರಿಗೆ ಹೋಗಿ ಕುತ್ತಿಗೆಯ ಗಡ್ಡೆ ತೆಗೆಸಿಕೊಂಡು ಬಂದಿದ್ದ. ಬಂದವನ ದನಿ ಒಡೆದಿತ್ತು, ಆದರೆ ಹೆಜ್ಜೆ ನಿಂತಿತ್ತು. ಜನವರಿಯಲ್ಲಿ ಅವನನ್ನು ಬಿಟ್ಟದ್ದು ಫೆಬ್ರವರಿಯಲ್ಲಿ ತನ್ನನ್ನು ಹಿಡಿದಿದೆ. ಒಬ್ಬನಿಂದ ಕೊಯ್ದು ತೆಗೆದರೆ ಇನ್ನೊಬ್ಬನ ಹಿಂದೆ ಹೋಗಿ ನಿಲ್ಲುತ್ತದೆ. ಹಾಗಾದರೆ ತಾನು ಕತ್ತಿಗೆ ಕುತ್ತಿಗೆ ಕೊಡಲೇಬಾರದು ಎಂದು ಅವನು ಗಟ್ಟಿಮಾಡಿಕೊಂಡ.

ಮಾರ್ಚಿನಲ್ಲಿ ಒಂದು ಮಳೆ ಬಿದ್ದು, ಒಂಬತ್ತನೆಯ ದಿನಕ್ಕೆ ತೋಟವೆಲ್ಲ ಬಿಳಿ ಹೂವಾಗಿ ನಿಂತಾಗ, ಚಂದ್ರಮೌಳಿಯಿಂದ ವಿಳಾಸ ಪಡೆದು ಡಾಕ್ಟರೊಬ್ಬಳು ಜೀಪಿನಲ್ಲಿ ಬಂದಳು. ಹೆಸರು ಧನ್ಯಾ. ಮೂವತ್ತೆರಡು ಮೂವತ್ತಮೂರರ ಹೆಂಗಸು. ಆಸ್ಪತ್ರೆಯವಳಲ್ಲ, ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಂಥ ಗಡ್ಡೆಗಳ ಮೇಲೇ ಸಂಶೋಧನೆ ಮಾಡುವವಳು. ಚಂದ್ರಮೌಳಿಯ ಕುತ್ತಿಗೆಯಿಂದ ತೆಗೆದದ್ದು ಈಗ ಅವಳ ಲ್ಯಾಬಿನಲ್ಲಿತ್ತು.

"ನಿಮ್ಮ ಮನೆತನದಲ್ಲಿ ಇದು ರಕ್ತದಲ್ಲೇ ಇಳಿದು ಬರ್ತಾ ಇದೆ ಅಂತ ಅನುಮಾನ," ಎಂದಳು ಅವಳು. "ಕುತ್ತಿಗೆಯಲ್ಲಿ ರಕ್ತನಾಳ ಕವಲೊಡೆಯೋ ಕಡೆ ಅಕ್ಕಿಕಾಳಿನಷ್ಟು ಒಂದು ಅಂಗ ಇರುತ್ತೆ, ನರಕ್ಕೆ ಸೇರಿದ್ದು. ಕೆಲವು ಮನೆಯವರಿಗೆ ಅದು ಗಡ್ಡೆಯಾಗಿ ಬೆಳೆಯುತ್ತೆ. ಕೆಲವರಿಗೆ ಹೊಟ್ಟೆಯೊಳಗೆ, ಕಿಡ್ನಿಯ ಮೇಲಿರೋ ಅಡ್ರಿನಲ್ ಗ್ರಂಥಿಯಲ್ಲೂ. ಬಹಳ ಅಪರೂಪ. ನಮ್ಮ ಲ್ಯಾಬಿಗೆ ಇಂಥ ಮನೆ ಸಿಕ್ಕಿದ್ದು ಇದೇ ಮೊದಲು."

"ಸಿಕ್ತು ಅಂತ ಖುಷಿಯಾ?" ಎಂದ ಬಸವಪ್ರಸಾದ.

"ಸುಮ್ನಿರೋ," ಎಂದರು ತಾಯಿ ಗಿರಿಜಾಂಬಾ. "ಅಷ್ಟು ದೂರದಿಂದ ಬಂದಿದಾಳೆ. ಕೂತ್ಕೋ ತಾಯಿ, ಕಾಫಿ ಕುಡಿ."

ಧನ್ಯಾ ದೊಡ್ಡ ಹಾಳೆ ಬಿಡಿಸಿ ಮನೆತನದವರ ಹೆಸರು ಕೇಳತೊಡಗಿದಳು. ಗಿರಿಜಾಂಬಾ ಮುತ್ತಜ್ಜನಿಂದ ಹಿಡಿದು ಒಂದೂ ತಪ್ಪದಂತೆ ಹೇಳುತ್ತಾ ಹೋದರು, ಅವಳು ಗಂಡಸಿಗೊಂದರಂತೆ ಚೌಕ ಬರೆಯುತ್ತಾ ಹೋದಳು. ಹಾಳೆ ತುಂಬ ಬರೀ ಚೌಕಗಳಾದವು.

"ಹೆಣ್ಮಕ್ಕಳು ಹುಟ್ಟಲೇ ಇಲ್ವಾ ಅಮ್ಮ, ಈ ಮನೆಯಲ್ಲಿ?"

"ಹುಟ್ಟದೆ ಏನು? ಆದ್ರೆ ಅವರು ಕೊಟ್ಟ ಹೆಣ್ಮಕ್ಕಳು. ಬೇರೆ ಮನೆಯವರಾದ್ರು. ಅವರದ್ದು ನಿಂಗೆ ಯಾಕೆ?"

"ನಂಗೆ ಅವರೂ ಬೇಕು."

ಗಿರಿಜಾಂಬಾ ತಡವರಿಸಿದರು. ಯಾರಾದರೂ ಕೇಳಿದ್ದರೆ ತಾನೇ ನೆನಪಿರುವುದು. ಮಲ್ಲಿಕಾರ್ಜುನಪ್ಪನವರಿಗೆ ಮೂವರು ಅಕ್ಕತಂಗಿಯರು. ದೊಡ್ಡವಳು ಮೊದಲ ಹೆರಿಗೆಯಲ್ಲೇ ಸತ್ತಳು. ಹೇಗೆ? ಮುಖ ಬೆಳ್ಳಗಾಗಿ, ಬೆವತು, ತಲೆ ಸಿಡಿಯುತ್ತೆ ಅಂತ ಚೀರಿ. ನಡುವಿನವಳು ಚೆನ್ನವೀರಮ್ಮ. ಗಂಡನ ಮನೆಯಲ್ಲಿ ಅವಳಿಗೆ ಹುಚ್ಚು ಅಂದರು. ನಡೆಯುತ್ತಾ ನಡೆಯುತ್ತಾ ಗಕ್ಕನೆ ನಿಂತು ಹಿಂದೆ ತಿರುಗಿ, 'ಯಾಕೆ ಬರ್ತೀಯ, ಹೋಗು' ಎಂದು ಯಾರನ್ನೋ ಗದರುತ್ತಿದ್ದಳಂತೆ. ಒಂದು ದಿನ ಕೆರೆಯ ದಂಡೆಯ ಮೇಲೆ ಓಡುತ್ತಾ ಹೋಗಿ...

ಗಿರಿಜಾಂಬಾ ಅಲ್ಲಿಗೆ ನಿಲ್ಲಿಸಿದರು. ತಾವು ಹೇಳಿದ್ದು ಏನೆಂದು ಆಗಷ್ಟೇ ಅವರಿಗೆ ಕೇಳಿಸಿದಂತಿತ್ತು. ಕಿಟಕಿಯಿಂದ ಕಾಫಿ ಹೂವಿನ ವಾಸನೆ ದಟ್ಟವಾಗಿ ಬರುತ್ತಿತ್ತು. ಧನ್ಯಾ ತಲೆಯೆತ್ತದೆ ಆ ಇಬ್ಬರು ಹೆಂಗಸರಿಗೆ ಎರಡು ದುಂಡನೆಯ ಗುರುತು ಬರೆದು, ರೋಗವಿದ್ದವರೆಂದು ಮಸಿ ತುಂಬಿದಳು.

"ಹುಚ್ಚು ಹಿಡಿದವಳ ಮಾತು ಬರ್ಕೊಂಡು ಎಂತ ಮಾಡ್ತೀರಿ ಮೇಡಂ?" ಬಸವಪ್ರಸಾದನ ದನಿ ಏರಿತು. "ನಮ್ಮನೆ ಹೆಣ್ಮಕ್ಕಳಿಗೆ ಇದಿಲ್ಲ. ಕೇಳಿ ಯಾರನ್ನ ಬೇಕಾದ್ರೂ."

"ನಿಮಗೆ ಇದೆಯಾ?" ಎಂದಳು ಧನ್ಯಾ. "ಆಗಿನಿಂದ ಎಡಕ್ಕೆ ತಲೆ ವಾಲಿಸ್ತಾನೇ ಇದೀರಿ."

ಮನೆಯವರೆಲ್ಲ ಅವನನ್ನು ನೋಡಿದರು. ಅವನು ಎದ್ದು ಹೋಗಬಹುದಿತ್ತು. ಆದರೆ ತನುಜಾ ಎದುರಿಗೇ ಇದ್ದಳು, ಹೆದರಿದ ಹಾಗೆ ಕಾಣಬಾರದು. ಕುರ್ಚಿಯಲ್ಲಿ ಬಿಗಿದುಕೊಂಡು ಕೂತ. ಧನ್ಯಾ ಸ್ಟೆತಾಸ್ಕೋಪನ್ನು ಅವನ ಎಡಗಿವಿಯ ಕೆಳಗಿಟ್ಟು ಬಹಳ ಹೊತ್ತು ಆಲಿಸಿದಳು.

"ಕೇಳ್ತಾ ಇದೆ," ಎಂದಳು.

"ಯಾರಿಗೆ?"

"ನನಗೆ. ನಿಮ್ಮದೇ ರಕ್ತ ಇದು. ಗಡ್ಡೆಯೊಳಗೆ ನುಗ್ಗುವಾಗ ಆಗೋ ಸದ್ದು. ನಿಮ್ಮ ಎದೆ ಬಡಿದ ಹಾಗೆ ಇದೂ ಬಡಿಯುತ್ತೆ. ನೀವು ಓಡಿದರೆ ಓಡುತ್ತೆ."

ಇಪ್ಪತ್ತಮೂರು ವರ್ಷದಿಂದ ಅವನು ತಿಳಿದಿದ್ದದ್ದು, ಅದು ಹೊರಗೆಲ್ಲೋ ಇರುತ್ತದೆ, ಕಾಡಿನಿಂದಲೋ ಮಸಣದಿಂದಲೋ ಬಂದು ಹಿಂದೆ ಬೀಳುತ್ತದೆ ಎಂದು. ಹೊರಗಿರುವುದಕ್ಕೆ ಬಾಗಿಲು ಹಾಕಬಹುದು. ಒಳಗೇ ನಡೆಯುವವನಿಗೆ ಏನು ಮಾಡುವುದು? ತನುಜಾ ಕೈ ಚಾಚಿ ಸ್ಟೆತಾಸ್ಕೋಪ್ ತೆಗೆದುಕೊಂಡಳು. ಅವನು ಬೇಡವೆನ್ನುವ ಮೊದಲೇ ಕಿವಿಗಿಟ್ಟುಕೊಂಡು ಆಲಿಸಿದಳು. ಅವಳ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

ಹೋಗುವಾಗ ಧನ್ಯಾ ಎಲ್ಲರ ತೋಳಿನಿಂದ ರಕ್ತ ತೆಗೆದುಕೊಂಡಳು. ಬಸವಪ್ರಸಾದನ ಕೈಗೆ ಐದು ಲೀಟರಿನ ಬಿಳಿ ಕ್ಯಾನು ಕೊಟ್ಟು, ಮೂರು ದಿನ ಪಥ್ಯ ಮಾಡಿ, ಆಮೇಲೆ ಒಂದು ಇಡೀ ದಿನದ ಮೂತ್ರ ಇದರಲ್ಲಿ ಹಿಡಿಯಬೇಕು, ಕೆಳಗೆ ಆಸಿಡ್ ಇದೆ, ಜೋಪಾನ ಎಂದಳು.

"ಪಥ್ಯ ಏನು?"

"ಬಾಳೆಹಣ್ಣು ಬೇಡ, ವೆನಿಲ್ಲಾ ಹಾಕಿದ್ದು ಬೇಡ. ಕಾಫಿ ಬೇಡ."

"ತೋಟ ಮಾರಿ ಹೋಗು ಅನ್ನಿ, ಅದೇ ಸುಲಭ," ಎಂದ. ಗಿರಿಜಾಂಬಾ ಕೂಡ ನಕ್ಕರು. ಆದರೆ ಪಥ್ಯ ಮಾಡಿದ. ನಾಲ್ಕನೆಯ ದಿನ ಕ್ಯಾನಿನ ಜೊತೆಯಲ್ಲೇ ಕಣಕ್ಕೂ ಹೋದ. "ಸಾವ್ಕಾರ್ರು ಪೆಟ್ರೋಲ್ ಬಂಕ್ ಇಟ್ಟಿದಾರೆ," ಎಂದು ಹೆಣ್ಣಾಳುಗಳು ಬಾಯಿಗೆ ಸೆರಗು ಹಿಡಿದರು.

ಹದಿನೈದು ದಿನಕ್ಕೆ ಧನ್ಯಾಳ ಫೋನು ಬಂತು. ಅವನ ಮೂತ್ರದಲ್ಲಿ ಅಡ್ರಿನಲ್ ರಸ ಇರಬೇಕಾದ್ದಕ್ಕಿಂತ ಏಳು ಪಾಲು ಹೆಚ್ಚಿತ್ತು. ಅಪ್ಪನನ್ನು ಕೆಡವಿದ್ದು ಅವನ ಹೊಟ್ಟೆಯಲ್ಲೂ ಇದೆ. ರಕ್ತದ ಪರೀಕ್ಷೆ ಇನ್ನೂ ನಡೆಯುತ್ತಿದೆ. ಆಮೇಲೆ ಅವಳು ಒಂದು ಮಾತು ಹೇಳಿದಳು. "ಅಪ್ಪನಿಂದ ಬಂದರೆ ಇದು ಗಂಡು ಹೆಣ್ಣು ನೋಡಲ್ಲ ಸಾರ್, ಇಬ್ಬರಿಗೂ ಅರ್ಧಕ್ಕರ್ಧ ಅವಕಾಶ. ತಾಯಿಯಿಂದ ಬಂದರೆ ಮಾತ್ರ ಮಕ್ಕಳಲ್ಲಿ ಸುಮ್ಮನೆ ಮಲಗಿರುತ್ತೆ, ರೋಗ ಆಗಲ್ಲ. ನಿಮ್ಮ ಮನೆ ಹೆಣ್ಮಕ್ಕಳಿಗೆ ಇದ್ದರೂ ಅವರ ಮಕ್ಕಳಲ್ಲಿ ಕಾಣಿಸಿಲ್ಲ. ಅದಕ್ಕೇ ಬರೀ ಗಂಡಸರದ್ದು ಅಂದುಕೊಂಡಿರಿ."

"ಸುಳ್ಳು," ಎಂದು ಫೋನು ಕುಕ್ಕಿದ.

ಹಿಂದೆಯೇ ಶೈಲಾ ನಿಂತಿದ್ದಳು. ಅವಳಿಗೆ ಎಲ್ಲ ಕೇಳಿತ್ತು. "ಗಂಡಾದ್ರೆ ಅಂತ ಹೆದರಿ ಬೇಡ ಅಂದ್ರಿ," ಎಂದಳು. "ನಾನು ಹದಿನೇಳು ವರ್ಷ ನುಂಗಿಕೊಂಡೆ. ಈಗ ಮಗಳಿಗೂ ಇದೆ ಅಂದ್ರೆ ಎಂತ ಮಾಡ್ತೀರಿ?"

ಅವನು ಜೀಪಿನ ಕೀಲಿ ತೆಗೆದುಕೊಂಡು ತನುಜಾಳನ್ನು ಕೂಗಿದ. ಮಲ್ಲಿಕಾರ್ಜುನಪ್ಪನವರ ಕೊನೆಯ ತಂಗಿ ಶಿವಗಂಗಮ್ಮ ಇನ್ನೂ ಬದುಕಿದ್ದರು, ಮೂಡಿಗೆರೆಯಲ್ಲಿ, ಮಗನ ಮನೆಯಲ್ಲಿ. ಅರವತ್ತೆಂಟು ವರ್ಷ, ಗುಂಡುಕಲ್ಲಿನ ಹಾಗಿದ್ದರು. ಅವರಿಗೆ ಏನೂ ಇಲ್ಲವೆಂದು ಅವರ ಬಾಯಿಂದಲೇ ಹೇಳಿಸಬೇಕು, ಮಗಳು ಕೇಳಬೇಕು, ತಾನೂ ಕೇಳಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ದಾರಿಯುದ್ದಕ್ಕೂ ಹೆಜ್ಜೆ ಜೀಪಿಗಿಂತ ಮುಂದೆ ಮುಂದೆ ಓಡುತ್ತಿತ್ತು.

ಶಿವಗಂಗಮ್ಮ ಬಸ್‌ಸ್ಟ್ಯಾಂಡಿನ ಹಿಂದಿನ ಮನೆಯ ಜಗಲಿಯಲ್ಲಿ ಹುಣಸೆ ಬೀಜ ಬಿಡಿಸುತ್ತಿದ್ದರು.

"ಏನೋ ಪ್ರಸಾದ, ಹೇಳದೆ ಕೇಳದೆ. ಯಾರು ಹೋದ್ರು?"

"ಯಾರೂ ಹೋಗಿಲ್ಲ ಅತ್ತೆ. ಒಂದು ಮಾತು ಕೇಳಕ್ಕೆ ಬಂದೆ. ನಿಮಗೆ ಹಿಂದಿನವನ ಸದ್ದು ಯಾವತ್ತಾದ್ರೂ ಕೇಳಿದ್ದುಂಟಾ? ಇಲ್ಲ ತಾನೇ?"

ಶಿವಗಂಗಮ್ಮ ಹುಣಸೆಯ ಕೈ ಒರೆಸಿಕೊಂಡು ಅವನನ್ನೇ ನೋಡಿದರು. "ಮೂವತ್ತನಾಲ್ಕು ವರ್ಷ ಆಯ್ತು ಮಾರಾಯ," ಎಂದರು. "ಇವತ್ತು ಕೇಳಿದೆ ನೋಡು ನೀನು."

"ಮತ್ತೆ ಹೇಳಲಿಲ್ಲ ಯಾಕೆ?"

"ಯಾರಿಗೆ ಹೇಳೋದು? ಚೆನ್ನವೀರಕ್ಕ ಹೇಳಿದ್ಲಲ್ಲ, ಏನು ಮಾಡಿದ್ರು ಅವಳನ್ನ? ನಿಮ್ಮಪ್ಪನ ಕಿವಿಗೆ ವಿಭೂತಿ ಹಚ್ಚಿದ್ರು. ನಮ್ಮನ್ನ ಯಾರು ಕೇಳಿದ್ರು? ಮೊದಮೊದಲು ಹೆದರ್ತಿದ್ದೆ. ನಿಮ್ಮ ಮಾವ ತೀರ್ಕೊಂಡ ಮೇಲೆ ಅವನೇ ಜೊತೆ. ಸಂತೆಗೆ ಹೋಗುವಾಗ, 'ಬಾರಪ್ಪಾ, ಚೀಲ ಹಿಡ್ಕೋ' ಅಂತೀನಿ." ಶಿವಗಂಗಮ್ಮ ನಕ್ಕರು. "ತುಂಬಾ ಕಾಟ ಕೊಟ್ರೆ ನಿಲ್ಲಿಸಕ್ಕೂ ಬರ್ತದೆ ನಂಗೆ."

ಬಸವಪ್ರಸಾದ ಬೇರೆಡೆ ಮುಖ ತಿರುಗಿಸಿದ. ಜಗಲಿಯ ಗೋಡೆಗೆ ಒಂದು ಹಳೆಯ ಕನ್ನಡಿ ತೂಗುಹಾಕಿತ್ತು. ಅದರಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ತನುಜಾ ಕಾಣುತ್ತಿದ್ದಳು. ಅವಳು ರಸ್ತೆಯ ಬಸ್ಸು ನೋಡುತ್ತಾ, ಏನೋ ಯೋಚಿಸುತ್ತಾ, ಎರಡು ಬೆರಳಿನಿಂದ ಎಡಗಿವಿಯ ಕೆಳಗೆ, ದವಡೆಯ ಹಿಂದಿನ ಕುಳಿಯಲ್ಲಿ, ಒತ್ತಿಕೊಂಡಿದ್ದಳು.

"ಹ್ಯಾಗೆ ಅಂದ್ರೆ," ಎಂದು ಶಿವಗಂಗಮ್ಮ ಕೈಯೆತ್ತಿದರು. ಎರಡು ಬೆರಳು ಮುಂದೆ ಮಾಡಿ, ಅವನ ಎಡಗಿವಿಯ ಕೆಳಗೆ, ದವಡೆಯ ಹಿಂದಿನ ಕುಳಿಯಲ್ಲಿ, ಮೆಲ್ಲಗೆ ಒತ್ತಿದರು.

ಹೆಜ್ಜೆ ನಿಂತಿತು. ಎರಡು ತಿಂಗಳ ನಂತರ ಮೊದಲ ಸಲ ಅವನಿಗೆ ಏನೂ ಕೇಳಿಸಲಿಲ್ಲ. ಆ ನಿಶ್ಶಬ್ದದಲ್ಲಿ ಕಣ್ಣು ಕತ್ತಲೆ ಬಂದು ಅವನು ಹುಣಸೆ ಸಿಪ್ಪೆಯ ಮೇಲೇ ಕೂತುಬಿಟ್ಟ.

ತನುಜಾ ನೀರು ತಂದಳು. ಅವನು ಅವಳ ಮಣಿಕಟ್ಟು ಹಿಡಿದುಕೊಂಡ. "ಯಾವಾಗಿಂದ?" ಎಂದ.

ಅವಳು ಸುಳ್ಳು ಹೇಳಲಿಲ್ಲ. "ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೆ. ಓದಕ್ಕೆ ಕೂತ್ರೆ ಕೇಳೋದು. ಒತ್ತಿ ಹಿಡ್ಕೊಂಡು ಓದ್ತಿದ್ದೆ."

"ಹೇಳಬಾರದಾ?"

"ಹೆಣ್ಮಕ್ಕಳಿಗೆ ಇಲ್ಲ ಅಂತಿದ್ರಲ್ಲ ಅಪ್ಪಾ. ನನಗೆ ಬೇರೆ ಏನೋ ಅಂದ್ಕೊಂಡೆ."

ಬಸವಪ್ರಸಾದನಿಗೆ ಬೈಯಲು ಯಾರೂ ಸಿಗಲಿಲ್ಲ. ಶಿವಗಂಗಮ್ಮನವರು ಒಳಗೆ ಹೋಗಿ ಮೂರು ಲೋಟ ಕಾಫಿ ತಂದರು. ಮೂವರೂ ಕುಡಿದರು. ಅಲ್ಲಿ ಕೂತಿದ್ದವರು ಮೂವರು, ನಡೆಯುತ್ತಿದ್ದವರೂ ಮೂವರು. ಆಮೇಲೆ ಶಿವಗಂಗಮ್ಮ ತಾವಾಗಿಯೇ ತೋಳು ಚಾಚಿ, "ನಂದೂ ರಕ್ತ ತಗೊಳ್ಳಿ ಅಂತ ಹೇಳು ಆ ಹುಡುಗಿಗೆ. ನಾನೂ ಈ ಮನೆಯೋಳೇ," ಎಂದರು.

ಏಪ್ರಿಲ್ ಕೊನೆಗೆ ಅಪ್ಪ ಮಗಳು ಬೆಂಗಳೂರಿನ ಲ್ಯಾಬಿಗೆ ಹೋದರು. ತಣ್ಣಗಿನ ಕೋಣೆ, ಸ್ಪಿರಿಟ್ಟಿನ ವಾಸನೆ. ಧನ್ಯಾ ದೀಪದ ಹಲಗೆಯ ಮೇಲೆ ಎಕ್ಸ್‌ರೇಯಂಥ ಹಾಳೆ ಹಿಡಿದಳು. ಅದರಲ್ಲಿ ಉದ್ದುದ್ದ ಸಾಲು, ಸಾಲಿನಲ್ಲಿ ಕಪ್ಪು ಗೆರೆಗಳು. ಒಬ್ಬೊಬ್ಬರದು ಒಂದೊಂದು ಸಾಲು. ಗಿರಿಜಾಂಬಾ ಮತ್ತು ಶೈಲಾರ ಸಾಲಿನಲ್ಲಿ ಎರಡು ಗೆರೆ. ಚಂದ್ರಮೌಳಿ, ಶಿವಗಂಗಮ್ಮ, ಬಸವಪ್ರಸಾದ, ತನುಜಾ, ಈ ನಾಲ್ವರ ಸಾಲಿನಲ್ಲಿ ಒಂದೇ ಎತ್ತರದಲ್ಲಿ ಮೂರನೆಯದೊಂದು.

"ಇದೇ," ಎಂದಳು ಧನ್ಯಾ.

ಪಕ್ಕದ ಮೇಜಿನ ಮೈಕ್ರೋಸ್ಕೋಪಿನಲ್ಲಿ ಚಂದ್ರಮೌಳಿಯ ಗಡ್ಡೆಯ ತುಣುಕು ಇತ್ತು. ಬಸವಪ್ರಸಾದ ಒಂದು ಕಣ್ಣು ಮುಚ್ಚಿ ನೋಡಿದ. ಸಣ್ಣ ಸಣ್ಣ ಉಂಡೆಗಳು ಗುಂಪುಗುಂಪಾಗಿ ಒತ್ತೊತ್ತಾಗಿ ಕೂತಿದ್ದವು. ಕೆಲವು ಅಂಚಿನಲ್ಲಿ ಎಳೆ ಚಾಚಿ ಏನನ್ನೋ ತಡಕುವಂತಿದ್ದವು.

"ಇವು ಸತ್ತಿದಾವಾ?"

"ಇಲ್ಲ. ಮೂರು ತಿಂಗಳಿಂದ ಬದುಕಿಸಿ ಇಟ್ಟಿದೀವಿ. ಬೆಳೆಯೋದು ಕಡಿಮೆ, ಆದರೆ ಸಾಯ್ತಾನೂ ಇಲ್ಲ."

ಚಂದ್ರಮೌಳಿಯದು ಇಲ್ಲೇ ಬದುಕಿದ್ದರೆ, ಫೆಬ್ರವರಿಯಿಂದ ತನ್ನ ಹಿಂದೆ ನಡೆಯುತ್ತಿರುವವನು ಯಾರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವಳು ನಗುತ್ತಿರಲಿಲ್ಲ ಅಂತ ಗೊತ್ತಿತ್ತು, ಆದರೆ ಉತ್ತರ ಇರುತ್ತಿರಲಿಲ್ಲ ಅಂತಲೂ ಗೊತ್ತಿತ್ತು.

ಸ್ಕ್ಯಾನಿನಲ್ಲಿ ತನುಜಾಳ ಗಡ್ಡೆ ಹುಣಸೆ ಬೀಜದಷ್ಟು ಕಂಡಿತು. ಸಣ್ಣದಿರುವಾಗಲೇ ತೆಗೆಯುವುದು ಒಳ್ಳೆಯದು ಎಂದರು ಆಸ್ಪತ್ರೆಯವರು. ಬಸವಪ್ರಸಾದನದು ಹಾಗಲ್ಲ. ಹೊಟ್ಟೆಯೊಳಗಿನದನ್ನು ಮೊದಲು ವಾರಗಟ್ಟಲೆ ಮಾತ್ರೆ ಕೊಟ್ಟು ಪಳಗಿಸಬೇಕು, ಇಲ್ಲದಿದ್ದರೆ ಕೈ ತಾಗಿದ ತಕ್ಷಣ ಅದು ರಸ ಕಾರಿ ಆಳನ್ನೇ ತೆಗೆಯುತ್ತದೆ. ಹಾಗಾಗಿ ಮಗಳೇ ಮೊದಲು.

ಒಬ್ಬರಿಂದ ಕೊಯ್ದದ್ದು ಇನ್ನೊಬ್ಬರ ಹಿಂದೆ ಹೋಗುತ್ತದೆ ಎಂಬ ತನ್ನ ಲೆಕ್ಕವನ್ನು ಅವನು ಅಂದು ಮತ್ತೊಮ್ಮೆ ಹಾಕಿದ. ಮೊದಲು ಹಾಕಿದಾಗ ಅದು ಹೆದರಿಸಿತ್ತು, ಈ ಸಲ ಮಗಳದು ತನ್ನ ಹಿಂದೆಯೇ ಬರಲಿ ಅನ್ನಿಸಿತು.

ಜೂನ್ ಮೂರನೆಯ ತಾರೀಕು ಬೆಳಗ್ಗೆ ಒಂಬತ್ತಕ್ಕೆ ತನುಜಾಳನ್ನು ಒಳಗೆ ಕರೆದುಕೊಂಡು ಹೋದರು. "ಬೇಗ ಬರ್ತೀನಿ ಅಪ್ಪಾ, ಸಿಸ್ಟರ್‌ಗಳಿಗೆ ಬೈಬೇಡಿ," ಎಂದಳು ಅವಳು, ಗಾಡಿಯ ಮೇಲೆ ಮಲಗಿಕೊಂಡೇ. ಶೈಲಾ ಔಷಧಿಯ ಚೀಟಿ ಹಿಡಿದು ಕೆಳಗಿನ ಅಂಗಡಿಗೆ ಹೋದಳು. ಉದ್ದನೆಯ ಓಣಿಯಲ್ಲಿ ಕಬ್ಬಿಣದ ಬೆಂಚಿನ ಮೇಲೆ ಅವನೊಬ್ಬನೇ ಉಳಿದ.

ಹತ್ತೂಕಾಲಾಯಿತು. ಅವನ ಎಡಗಿವಿಯಲ್ಲಿ ಹೆಜ್ಜೆ ಎಂದಿನಂತೆ ನಡೆಯುತ್ತಿತ್ತು. ಓಣಿಯ ಕೊನೆಯ ಬಾಗಿಲಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಆಗ ಬಲಗಿವಿಯಲ್ಲಿ ಏನೋ ಅಂದಂತಾಯಿತು. ಅವನು ಉಸಿರು ಬಿಗಿಹಿಡಿದ. ದೂರದಲ್ಲಿ, ಆ ಬಾಗಿಲಿನ ಕಡೆಯಿಂದ ಅನ್ನುವ ಹಾಗೆ, ಹಗುರವಾಗಿ, ಚಿಕ್ಕ ಪಾದದವರು ಬರಿಗಾಲಲ್ಲಿ ಬರುವ ಹಾಗೆ. ಓಣಿ ಖಾಲಿಯಿತ್ತು. ಸದ್ದು ಹತ್ತಿರ ಬಂತು. ಅದು ಎಡದ ಹೆಜ್ಜೆಗೆ ಹೊಂದಿಕೊಳ್ಳದೆ, ದಾರಿ ಗೊತ್ತಿಲ್ಲದವರಂತೆ ಒಮ್ಮೆ ತಡೆದು ಒಮ್ಮೆ ಮುಂದಾಗಿ ಬರುತ್ತಿತ್ತು.

ನಿಮ್ಮಂಥವರಿಗೆ ಗಡ್ಡೆ ಕುತ್ತಿಗೆಯ ಎರಡೂ ಕಡೆ ಬೆಳೆಯುವುದುಂಟು ಎಂದು ಧನ್ಯಾ ಹಿಂದೆಯೇ ಹೇಳಿದ್ದಳು. ಅದು ಅವನಿಗೆ ನೆನಪಿತ್ತು. ನೆನಪಿದ್ದರೂ ಅವನು ಆ ಬಾಗಿಲನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಕೆಂಪು ದೀಪ ಆರಿತು.

ನರ್ಸೊಬ್ಬಳು ಅರ್ಧ ಬಾಗಿಲು ತೆರೆದು, "ತನುಜಾ ಕಡೆಯವರು? ಆಯ್ತು, ಗಡ್ಡೆ ಪೂರ್ತಿ ಬಂತು. ಚೆನ್ನಾಗಿದಾಳೆ," ಎಂದಳು. ಆಮೇಲೆ ಅವನ ಮುಖ ನೋಡಿ, "ನೀವು ಸರಿ ಇದೀರಾ? ಬೆಳ್ಳಗಾಗಿದೀರಲ್ಲ," ಎಂದಳು.

"ನಾನು ಸರಿ ಇದೀನಿ," ಎಂದ.

ಅವಳು ಒಳಗೆ ಹೋದಳು. ಬಸವಪ್ರಸಾದ ಹೊಸದಾಗಿ ಬಂದ ಹೆಜ್ಜೆಗೆ ಕಿವಿಗೊಟ್ಟ. ಅದು ಬೆಂಚಿನ ಹತ್ತಿರ ಬಂದು ಅನುಮಾನಿಸುತ್ತಾ ನಡೆಯುತ್ತಿತ್ತು. ಅವನು ಹುಟ್ಟಿನಿಂದ ಯಾರೊಂದಿಗೂ ಆಡದಷ್ಟು ಮೆಲ್ಲಗೆ, "ಬಾ, ಇಲ್ಲೇ ಇರು," ಎಂದು, ಬಲಗಡೆ ಜಾಗ ಬಿಟ್ಟು ಸ್ವಲ್ಪ ಸರಿದು ಕೂತ.